ಮೂರು ಬಂದೂಕಿಗೊಂದು ಡೆಂಪರ್

ನೆದರ್‌ಲ್ಯಾಂಡ್ಸಿನ ಕಡಲತೀರದ ಊರು ನೂರ್ಡ್‌ವೈಕಿನ ಆ ಬೀದಿಗೆ ಬಂದ ಮೊದಲ ಚಳಿಗಾಲದಲ್ಲೇ ಚಂದ್ರಪ್ರಭಾಗೂ ಪಕ್ಕದ ಮನೆಯ ಯಾಪ್ ಅವರಿಗೂ ಒಂದು ತಿಳಿವಳಿಕೆಯಾಗಿತ್ತು. ಯಾಪ್ ಬೇಟೆಯಾಡುವವರು, ಇವಳು ಬನಹಟ್ಟಿಯ ಜೈನರ ಮನೆಯ ಮಗಳು. ಒಂದು ಶನಿವಾರ ಅವರು ಪ್ರೀತಿಯಿಂದ ಒಂದು ಹೆಬ್ಬಾತನ್ನು ಕಾಲು ಹಿಡಿದು ತೂಗಿಸಿಕೊಂಡು ಬಾಗಿಲಿಗೆ ಬಂದಿದ್ದರು. ಅವಳ ಮುಖ ನೋಡಿದ್ದೇ ತಿರುಗಿ ಹೋಗಿ, ಹತ್ತು ನಿಮಿಷದಲ್ಲಿ ಒಂದು ಬುಟ್ಟಿ ಸೇಬು ತಂದಿಟ್ಟರು. ಅಲ್ಲಿಂದ ಮುಂದೆ ಬೇಲಿ ದಾಟಿ ಬಂದದ್ದೆಲ್ಲ ಗಿಡದಲ್ಲಿ ಬಿಟ್ಟದ್ದೇ. ಅವರ ಕಾರಿನ ಡಿಕ್ಕಿಯಲ್ಲಿ ಏನಿದೆಯೆಂದು ಅವಳೂ ಕೇಳುತ್ತಿರಲಿಲ್ಲ.

ಯಾಪ್‌ಗೆ ಅರವತ್ತೆಂಟು ವರ್ಷ. ನಲವತ್ತು ವರ್ಷ ಟ್ಯೂಲಿಪ್ ಗಡ್ಡೆ ಬೆಳೆದು, ಹೊಲವನ್ನು ಅಳಿಯನಿಗೆ ಬಿಟ್ಟುಕೊಟ್ಟು, ಹೆಂಡತಿ ತೀರಿಕೊಂಡ ಮೇಲೆ ಊರೊಳಗಿನ ಸಣ್ಣ ಮನೆಗೆ ಬಂದವರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದನ್ನೂ ಚಂದ್ರಪ್ರಭಾ ಮುಟ್ಟುವುದಿಲ್ಲ ಎಂದು ತಿಳಿದ ದಿನ ಅವರು ಬಹಳ ಹೊತ್ತು ತಲೆ ಕೆರೆದುಕೊಂಡಿದ್ದರು.

"ನಾನು ಬೆಳೆದ ಗಡ್ಡೆಯೂ ಬೇಡ, ನಾನು ಹೊಡೆದ ಬೇಟೆಯೂ ಬೇಡ. ಹಾಗಾದ್ರೆ ನೆರೆಯವನಾಗಿ ನನ್ನಿಂದ ನಿನಗೇನು ಉಪಯೋಗ?" ಎಂದು ಕೇಳಿದ್ದರು.

ಉಪಯೋಗ ಬಹಳವೇ ಆಯಿತು. ಅವಳ ಡಚ್ ಭಾಷೆ ತಿದ್ದಿದವರು ಅವರೇ. ಮಗಳು ಸ್ಮೃತಿಗೆ ಎದುರುಗಾಳಿಯಲ್ಲಿ ಸೈಕಲ್ ಹೊಡೆಯುವುದನ್ನು ಕಲಿಸಿದವರೂ ಅವರೇ. ಆ ಹುಡುಗಿಗೆ ಅವರು 'ಓಪಾ ಯಾಪ್', ಯಾಪಜ್ಜ.

ಚಂದ್ರಪ್ರಭಾಳ ಕೆಲಸ ಸದ್ದು ಅಳೆಯುವುದು. ಕಾರ್ಖಾನೆಯ ಪಕ್ಕದವರು ದೂರು ಕೊಟ್ಟರೆ, ಗಾಳಿಯಂತ್ರದ ಕೆಳಗಿನ ಮನೆಯವರಿಗೆ ನಿದ್ದೆ ಬಾರದಿದ್ದರೆ, ಅವಳ ಕಂಪನಿಯವರು ಮೈಕುಗಳನ್ನು ನಿಲ್ಲಿಸಿ, ವಾರಗಟ್ಟಲೆ ಅಳೆದು ವರದಿ ಕೊಡುತ್ತಾರೆ. ಈ ಕಸುಬಿಗೆ ಅವಳು ಬಂದದ್ದು ಸುಮ್ಮನೆ ಅಲ್ಲ. ಬನಹಟ್ಟಿಯಲ್ಲಿ ಅವರ ಮನೆಯ ಕೆಳಗೆ ಎಂಟು ಪವರ್‌ಲೂಮ್ ಇದ್ದವು. ಅಂಬೆಗಾಲಿಡುವ ಮಗುವಾಗಿದ್ದಾಗಿನಿಂದ ಅವಳು ನಿದ್ದೆ ಮಾಡಿದ್ದು ಆ ಖಟಖಟದ ಮೇಲೆ; ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು. ಅಪ್ಪ ಪಾರಿಸಪ್ಪನಿಗೆ ಐವತ್ತು ತುಂಬುವ ಹೊತ್ತಿಗೆ ಎದುರಿಗೆ ನಿಂತವರ ತುಟಿ ನೋಡಿದರೆ ಮಾತ್ರ ಮಾತು ತಿಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಡೆಲ್ಫ್ಟ್‌ನಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕ ದಿನ ಅವಳು ಹಾಸ್ಟೆಲಿನಿಂದ ಫೋನ್ ಮಾಡಿದಾಗ, ಅಪ್ಪ ಏನೂ ಕೇಳಿಸದೆ "ಹೂಂ, ಹೂಂ, ಊಟ ಆತೇನು?" ಎಂದಿದ್ದ.

ಆ ಸೆಪ್ಟೆಂಬರಿನ ಒಂದು ಭಾನುವಾರ ಯಾಪ್ ಒಂದು ಫೈಲು ಬಗಲಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಚಂದ್ರಪ್ರಭಾ ಚಹಾ ಕೊಟ್ಟಳು. ಅವರು ಮೇಜಿನ ಮೇಲೆ ಬಣ್ಣಬಣ್ಣದ ಹಾಳೆಗಳನ್ನು ಹರಡಿದರು. ಕಪ್ಪು ಕೊಳವೆಗಳ ಚಿತ್ರ, ಪಕ್ಕದಲ್ಲಿ ಅಂಕಿಗಳ ಸಾಲು.

"ಇದು ಡೆಂಪರ್. ರೈಫಲ್ ನಳಿಗೆಯ ತುದಿಗೆ ಹಾಕೋದು. ಸದ್ದು ಕಡಿಮೆ ಮಾಡುತ್ತೆ," ಎಂದರು.

"ಸಿನಿಮಾದಲ್ಲಿ ಸೈಲೆನ್ಸರ್ ಅಂತಾರಲ್ಲ, ಅದಾ?"

"ಸಿನಿಮಾದಲ್ಲಿ ಫುಸ್ ಅನ್ನುತ್ತೆ. ನಿಜದಲ್ಲಿ ಢಂ ಅಂತಲೇ ಅನ್ನುತ್ತೆ, ಸ್ವಲ್ಪ ಸಣ್ಣ ಢಂ. ನನ್ನ ಹತ್ತಿರ ಮೂರು ರೈಫಲ್ ಇವೆ. ಆರೂವರೆ ಮಿಲಿಮೀಟರಿನದು ಅಪ್ಪನ ಕಾಲದ್ದು. ಮುನ್ನೂರ ಎಂಟು ಅಂತ ಕರೆಯೋದು ಒಂದಿದೆ, ಗುಂಡು ಎಂಟು ಮಿಲಿಮೀಟರಿಗೆ ಸ್ವಲ್ಪ ಕಡಿಮೆ, ದಿಣ್ಣೆಯ ಜಿಂಕೆಗೆ ಅದೇ. ಮೂರನೆಯದು ಒಂಬತ್ತು ಪಾಯಿಂಟ್ ಮೂರು, ದೊಡ್ಡ ಗುಂಡು. ವರ್ಷಕ್ಕೊಮ್ಮೆ ಕಾಡುಹಂದಿಗೆ ಹೋಗುವಾಗ ಮಾತ್ರ ಅದನ್ನ ತೆಗೀತೀನಿ. ಮೂರಕ್ಕೂ ಸೇರಿಸಿ ಒಂದೇ ಡೆಂಪರ್‌ನ ಪರವಾನಗಿಗೆ ಅರ್ಜಿ ಹಾಕ್ತಿದ್ದೀನಿ. ಈ ಕಂಪನಿಯವರಲ್ಲಿ ಒಬ್ಬ ಇಪ್ಪತ್ತೆಂಟು ಡೆಸಿಬಲ್ ಇಳಿಯುತ್ತೆ ಅಂತಾನೆ, ಇನ್ನೊಬ್ಬ ಮೂವತ್ತೈದು ಅಂತಾನೆ. ನೀನು ಸದ್ದಿನವಳು. ಯಾರು ಸುಳ್ಳು ಹೇಳ್ತಿದ್ದಾರೆ ಅಂತ ನೋಡು."

ಚಂದ್ರಪ್ರಭಾ ಹಾಳೆಗಳನ್ನು ಮುಟ್ಟಲಿಲ್ಲ. ಸಮುದ್ರದಂಡೆಯ ಮರಳದಿಣ್ಣೆಗಳಲ್ಲಿ ಜಿಂಕೆ ಹೆಚ್ಚಾಗಿವೆ, ಗಿಡ ಉಳಿಯುತ್ತಿಲ್ಲ, ರಸ್ತೆಗೆ ನುಗ್ಗಿ ಸಾಯುತ್ತಿವೆ ಎಂದು ಸರ್ಕಾರದವರು ಯಾಪ್‌ ಅವರಂಥ ಕೆಲವರಿಗೆ ಹೊಡೆಯುವ ಕೆಲಸ ವಹಿಸಿದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೇನು, ಅದರಲ್ಲಿ ತಾನು ಕೈ ಹಾಕುವುದು ಬೇರೆ ಮಾತು.

"ಎರಡು ದಿನ ಟೈಮ್ ಕೊಡಿ. ಯೋಚನೆ ಮಾಡಿ ಹೇಳ್ತೀನಿ," ಎಂದಳು.

"ಹಾಂ?" ಎಂದು ಯಾಪ್ ಬಲಗಿವಿಯನ್ನು ಅವಳತ್ತ ತಿರುಗಿಸಿದರು. ಅವಳು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ಆಗ ಅವಳಿಗೆ ಅನಿಸಿತು, ಈಚೆಗೆ ಒಂದು ವರ್ಷದಿಂದ ತಾನು ಈ ಮನುಷ್ಯನ ಜೊತೆ ಎಲ್ಲ ಮಾತನ್ನೂ ಎರಡು ಸಲ ಆಡುತ್ತಿದ್ದೇನೆ.

ಅತ್ತೆ ಜಲಜಾಕ್ಷಿ ತೇರದಾಳದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅವರ ಮಗ, ಚಂದ್ರಪ್ರಭಾಳ ಗಂಡ ವಿಜಯೇಂದ್ರ, ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಟೇನರ್ ಕಂಪನಿಯ ನೌಕರ. ಅಲ್ಲಿ ನಮ್ಮ ಕಡೆಯ ತರಕಾರಿ ಮಾರುವ ಸುರಿನಾಮ್‌ನವರ ಅಂಗಡಿಯಿಂದ ಚವಳಿಕಾಯಿ ತಂದಿದ್ದ. ಅತ್ತೆ ಕಿಟಕಿಯ ಬಳಿ ಕುಳಿತು ಕಾಯಿ ಮುರಿಯುತ್ತಿದ್ದರು. ಚಂದ್ರಪ್ರಭಾ ಎದುರಿಗೆ ಕುಳಿತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅತ್ತೀ, ಒಂದ ಮಾತ ಕೇಳೂದೈತ್ರಿ."

"ಕೇಳವಾ."

"ಬಾಜೂಮನಿ ಅಜ್ಜಾರು ಬಂದೂಕಿನ ಸದ್ದ ಕಡಿಮಿ ಮಾಡೂ ಸಾಮಾನು ತಗೋಳಾಕತ್ತಾರ್ರಿ. ಯಾವುದ ಚಲೋ, ನೋಡಿ ಹೇಳು ಅಂತ ಕೇಳ್ಯಾರ."

ಅತ್ತೆಯ ಕೈ ನಿಲ್ಲಲಿಲ್ಲ. "ನೀ ಹೇಳಲಿಲ್ಲಂದ್ರ ಬ್ಯಾಟಿ ಬಿಡತಾರೇನು?"

"ಇಲ್ರಿ."

"ನೀ ಹೇಳಿದ್ರ ಹೆಚ್ಚ ಹೊಡಿತಾರೇನು?"

ಚಂದ್ರಪ್ರಭಾ ಕೈಯಲ್ಲಿದ್ದ ಕಾಯಿಯ ನಾರು ತೆಗೆದಳು. "ಅದು ನನಗ ಗೊತ್ತಿಲ್ರಿ. ಇಷ್ಟು ಹೊಡೀಬೇಕು ಅಂತ ಮೇಲಿನವರು ಲೆಕ್ಕ ಕೊಟ್ಟಿರ್ತಾರ. ಆದ್ರೂ ಗೊತ್ತಿಲ್ಲ."

"ಹಂಗಾರ ಪಾಪ ಇಲ್ಲ ಅಂತ ನನ್ನ ಬಾಯಿಂದ ಹೇಳಸಬ್ಯಾಡ. ನಾ ಹೇಳೂದಿಲ್ಲ." ಅತ್ತೆ ಒಂದು ಹುಳುಕು ಕಾಯಿಯನ್ನು ಬೇರೆ ಇಟ್ಟರು. "ಆದ್ರ ಆ ಮನಷ್ಯಾನ ಕಿವಿ ಹೊಂಟಾವು. ನಾ ಮೊನ್ನಿ ಹಿಂದ ನಿಂತು ಕರದೆ, ಹೊಳ್ಳಿ ನೋಡಲಿಲ್ಲ. ಕಿವಿ ಹೋದವರ ಜೋಡಿ ಬಾಳೇವು ಹೆಂಗಿರತೈತಿ ಅಂತ ನಿಮ್ಮವ್ವನ್ನ ಕೇಳಿದ್ರ ಹೇಳತಾಳ."

ಸ್ಮೃತಿ ಫ್ರಿಜ್ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಇಟ್ಸ್ ಜಸ್ಟ್ ಫಿಸಿಕ್ಸ್, ಮಮ್ಮಾ," ಎಂದಳು.

"ಬರೇ ಫಿಸಿಕ್ಸ್ ಆಗಿದ್ರ ನಾ ನಿನ್ನೇ ಕೇಳತಿದ್ದೆ," ಎಂದಳು ಚಂದ್ರಪ್ರಭಾ.

ಅಮ್ಮನನ್ನು ಕೇಳುವ ಅಗತ್ಯ ಬರಲಿಲ್ಲ. ಆ ಉತ್ತರ ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಅಮ್ಮ ಮೊದಮೊದಲು ಕೂಗಿ ಮಾತಾಡುತ್ತಿದ್ದಳು. ಆಮೇಲೆ ಬೇಕಾದಷ್ಟು ಮಾತ್ರ. ಆಮೇಲೆ ಅದೂ ಕೈಸನ್ನೆಯಲ್ಲಿ. ಮನೆಯಲ್ಲಿ ಜಗಳ ಇರಲಿಲ್ಲ. ಮಾತೂ ಇರಲಿಲ್ಲ.

ಮಂಗಳವಾರ ಅವಳು ಬೇಲಿಯ ಬಳಿ ಯಾಪ್‌ಗೆ ತನ್ನ ತೀರ್ಮಾನ ತಿಳಿಸಿದಳು. ಯಾವ ಡೆಂಪರ್ ಬೇಟೆಗೆ ಒಳ್ಳೆಯದು ಎಂದು ತಾನು ಹೇಳುವುದಿಲ್ಲ, ಯಾವುದು ಕಿವಿಗೆ ಒಳ್ಳೆಯದು ಎಂಬುದನ್ನಷ್ಟೇ ಅಳೆದು ಹೇಳುತ್ತೇನೆ ಎಂದಳು. ಅದಕ್ಕೂ ಮೊದಲು ಅವರು ಕಿವಿ ಪರೀಕ್ಷೆ ಮಾಡಿಸಿಕೊಂಡು ಬರಬೇಕು.

"ನನ್ನ ಕಿವಿ ಸರಿಯಾಗಿದೆ. ಜನ ಈಗ ಗೊಣಗೊಣ ಮಾತಾಡ್ತಾರೆ, ಅಷ್ಟೆ."

"ಹಾಗಿದ್ರೆ ಪರೀಕ್ಷೆಗೆ ಭಯ ಯಾಕೆ?"

ಅವರು ಎರಡು ವಾರ ಮುನಿಸಿಕೊಂಡಂತೆ ಓಡಾಡಿದರು. ಮೂರನೆಯ ವಾರ ಕಿವಿ ಪರೀಕ್ಷೆಯ ಕಾಗದ ತಂದು ಅವಳ ಮೇಜಿನ ಮೇಲೆ ಮಗುಚಿಟ್ಟರು. ಗ್ರಾಫಿನ ಗೆರೆ ತಗ್ಗಿನ ಸ್ವರಗಳಲ್ಲಿ ನೆಟ್ಟಗೆ ಬಂದು, ಮೇಲಿನ ಸ್ವರಗಳ ಹತ್ತಿರ ಬಾವಿಯ ಮೆಟ್ಟಿಲಿನಂತೆ ಇಳಿದುಹೋಗಿತ್ತು. ಎಡಗಿವಿಯದು ಇನ್ನೂ ಕೆಳಗೆ. ಬಲಗೈಯಿಂದ ಹೊಡೆಯುವವರ ಎಡಗಿವಿ ನಳಿಗೆಯ ತುದಿಗೆ ಹತ್ತಿರ ಇರುತ್ತದೆ. ಅಪ್ಪನ ಕಿವಿಯ ಗ್ರಾಫನ್ನು ಯಾರೂ ಬರೆಸಿರಲಿಲ್ಲ. ಬರೆಸಿದ್ದರೆ ಹೀಗೇ ಇರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

"ಹೋದದ್ದು ಬರೋದಿಲ್ಲವಂತೆ," ಎಂದರು ಯಾಪ್.

"ಬರೋದಿಲ್ಲ. ಇರೋದನ್ನ ಉಳಿಸಿಕೊಳ್ಳಬಹುದು."

ಅವಳು ಆಫೀಸಿನಲ್ಲಿ ಮೇಲಿನವರಿಗೆ ವಿಷಯ ಹೇಳಿ, ಸ್ಫೋಟದ ಸದ್ದು ತಡೆದುಕೊಳ್ಳುವ ಪುಟ್ಟ ಮೈಕುಗಳನ್ನು ಕೇಳಿ ಪಡೆದಳು. ಮಾಮೂಲಿ ಮೀಟರು ರೈಫಲ್ಲಿನ ಸದ್ದಿಗೆ ಸಾಕಾಗುವುದಿಲ್ಲ; ಸದ್ದು ಬಂದು ಹೋದದ್ದೂ ಅದಕ್ಕೆ ಗೊತ್ತಾಗುವುದಿಲ್ಲ. ಅಕ್ಟೋಬರಿನ ಒಂದು ಶುಕ್ರವಾರ ರಜೆ ಹಾಕಿ, ಯಾಪ್ ಅವರ ಕಾರಿನಲ್ಲಿ ಶೂಟಿಂಗ್ ರೇಂಜಿಗೆ ಹೋದಳು. ಬಂದೂಕಿನ ಅಂಗಡಿ ನಡೆಸುವ ಆನೆಕೆ ಎಂಬ ಹೆಂಗಸು ತನ್ನ ಲೈಸೆನ್ಸಿನ ಮೇಲೆ ಮೂರು ಡೆಂಪರ್‌ಗಳನ್ನು ಪರೀಕ್ಷೆಗೆಂದು ತಂದಿದ್ದಳು.

ಅಂಗಡಿಯವಳು ನೇರ ಮಾತಿನವಳು. ಒಂದೊಂದನ್ನೂ ಕೈಗೆ ಕೊಟ್ಟು ವಿವರಿಸಿದಳು. "ಇದು ಹಗುರ, ಗಿಡ್ಡ, ರೈಫಲ್ ಮುಂದಕ್ಕೆ ವಾಲೋದಿಲ್ಲ. ತೂತು ಎಂಟು ಮಿಲಿಮೀಟರಿನವರೆಗಿನ ಕ್ಯಾಲಿಬರ್‌ಗೆ, ಅಂದ್ರೆ ಅಷ್ಟು ದಪ್ಪದ ಗುಂಡಿಗೆ. ಇದು ಅದೇ ತೂತು, ಸ್ವಲ್ಪ ಉದ್ದ, ಸದ್ದು ಇನ್ನೂ ಕಡಿಮೆ. ಮೂರನೆಯದು ದಪ್ಪ. ಒಂಬತ್ತು ಪಾಯಿಂಟ್ ಮೂರಕ್ಕೂ ಆಗುತ್ತೆ. ಆದರೆ ಸಣ್ಣ ಗುಂಡಿಗೆ ದೊಡ್ಡ ತೂತು ಅಂದ್ರೆ ಗ್ಯಾಸು ಸುತ್ತಮುತ್ತ ನುಸುಳಿ ಹೋಗುತ್ತೆ, ಸದ್ದು ಅಷ್ಟು ಇಳಿಯೋದಿಲ್ಲ."

"ಎಷ್ಟು ಇಳಿಯೋದಿಲ್ಲ?" ಚಂದ್ರಪ್ರಭಾ ಕೇಳಿದಳು.

"ಅದನ್ನ ಹೇಳೋಕೆ ನೀನು ಬಂದಿದ್ದೀಯಲ್ಲ."

ಅವಳು ಒಂದು ಮೈಕನ್ನು ನಳಿಗೆಯ ತುದಿಯ ಪಕ್ಕಕ್ಕೆ, ಒಂದನ್ನು ಯಾಪ್ ಅವರ ಎಡಗಿವಿಯ ಹತ್ತಿರಕ್ಕೆ ನಿಲ್ಲಿಸಿದಳು. ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡರು. ಬಂದೂಕು ಎಂಬುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಎಣ್ಣೆಯ ವಾಸನೆ ಅಪ್ಪನ ಮಗ್ಗದ ಕೋಣೆಯದೇ. ಮೊದಲ ಗುಂಡು ಹಾರಿದಾಗ ಸದ್ದಿಗಿಂತ ಹೆಚ್ಚಾಗಿ ಎದೆಗೆ ಬಡಿದ ಗಾಳಿ ಅವಳನ್ನು ಅಲುಗಿಸಿತು. ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಪರದೆಯ ಮೇಲಿನ ಅಂಕಿ ಬರೆದುಕೊಂಡಳು: ಡೆಂಪರ್ ಇಲ್ಲದೆ, ನೂರ ಅರವತ್ತೆರಡು ಡೆಸಿಬಲ್.

ಕೆಲಸಕ್ಕೆ ಅವಳದೊಂದು ಕ್ರಮವಿತ್ತು, ಅದನ್ನು ಎಲ್ಲೂ ಬಿಡುತ್ತಿರಲಿಲ್ಲ. ಮೂರು ಡೆಂಪರ್‌ಗಳಿಗೂ ಎ, ಬಿ, ಸಿ ಎಂದು ಗುರುತು ಹಚ್ಚಿದ್ದಳು. ಪ್ರತಿ ಬದಲಾವಣೆಗೂ ಮೊದಲು, ಯಾವ ರೈಫಲ್, ಯಾವ ಡೆಂಪರ್, ಅದರ ಮೇಲೆ ಕೆತ್ತಿದ ಅಕ್ಷರ ಏನು, ಎಲ್ಲವನ್ನೂ ಎದುರಿನವರು ಓದಿ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಯಾಪ್‌ಗೆ ಮೊದಲಿಗೆ ಇದು ನಗೆಯಾಯಿತು, ಆಮೇಲೆ ಬೇಸರವಾಯಿತು. "ನಮ್ಮ ಟ್ಯಾಕ್ಸ್ ಆಫೀಸಿನವರೂ ಇಷ್ಟು ಕೇಳೋದಿಲ್ಲ," ಎಂದರು. ಆದರೂ ಓದಿ ಹೇಳಿದರು.

ಆರೂವರೆಯದು ಮುಗಿಯಿತು, ಮುನ್ನೂರ ಎಂಟು ಮುಗಿಯಿತು. ಕಂಪನಿಗಳ ಅಂಕಿಗಳು ಪೂರ್ತಿ ಸುಳ್ಳಲ್ಲ ಎಂಬುದೂ ತಿಳಿಯಿತು. ಒಬ್ಬರು ನಳಿಗೆಯ ತುದಿಯಲ್ಲಿ ಅಳೆದಿದ್ದರು, ಇನ್ನೊಬ್ಬರು ಕಿವಿಯ ಬಳಿ. ಇನ್ನೊಂದು ವಿಷಯ ಅವಳಿಗೆ ಕುತೂಹಲ ತಂದಿತು: ಡೆಂಪರ್ ತಣ್ಣಗಿರುವಾಗಿನ ಮೊದಲ ಗುಂಡು ಉಳಿದವಕ್ಕಿಂತ ಜೋರು. ಒಳಗಿನ ಗಾಳಿಯಲ್ಲಿ ಉಳಿದ ಮದ್ದು ಉರಿಯುವುದರಿಂದ ಹಾಗಾಗುತ್ತದೆ ಎಂದು ಆನೆಕೆ ಹೇಳಿದಳು. ಬೇಟೆಯವರು ಹೊಡೆಯುವುದೇ ಒಂದು ಗುಂಡು. ಹಾಗಾದರೆ ಅವರ ಕಿವಿಗೆ ಬೀಳುವುದು ಆ ಮೊದಲನೆಯದೇ ಅಲ್ಲವೇ? ಅದನ್ನೂ ಬೇರೆ ಸಾಲಿನಲ್ಲಿ ಬರೆದಳು.

ಊಟದ ಹೊತ್ತು ಸಮೀಪಿಸಿತ್ತು. ಆನೆಕೆ ಫೋನ್ ಬಂದು ಹೊರಗೆ ಹೋದಳು. ಯಾಪ್ ಹಂದಿಯ ರೈಫಲ್ ತೆಗೆದು, ಪಕ್ಕದಲ್ಲಿದ್ದ ಡೆಂಪರ್ ತಿರುಗಿಸಿ ಕೂರಿಸಿದರು. ಅದು ಸಲೀಸಾಗಿ ಕೂತಿತು. ತೋಟಾ ಒಳಗಿಟ್ಟು, ಬೋಲ್ಟ್ ಮುಚ್ಚುತ್ತ ಅಭ್ಯಾಸದಂತೆ ಓದಿದರು: "ರೈಫಲ್ ಒಂಬತ್ತು ಪಾಯಿಂಟ್ ಮೂರು. ಡೆಂಪರ್ ಬಿ. ಕ್ಯಾಲಿಬರ್, ಮ್ಯಾಕ್ಸ್ ಎಂಟು."

ಚಂದ್ರಪ್ರಭಾ ಒಂಬತ್ತು ಪಾಯಿಂಟ್ ಮೂರು ಎಂದು ಬರೆದಳು. ಪಕ್ಕದ ಚೌಕದಲ್ಲಿ ಎಂಟು ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು.

"ನಿಲ್ಲಿಸಿ," ಎಂದಳು.

ಯಾಪ್ ಮುಂದಕ್ಕೆ ಬಾಗಿ ಕೆನ್ನೆಯನ್ನು ಹಿಡಿಗೆ ಒರಗಿಸುತ್ತಿದ್ದರು.

"ಯಾಪ್, ನಿಲ್ಲಿಸಿ." ಈ ಸಲ ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು. ಮುಚ್ಚಳದೊಳಗಿನ ಆ ಕಿವಿಗೆ ಅದು ತಲುಪಲೇ ಇಲ್ಲ. ಹೊಡೆಯಲು ಸಿದ್ಧನಾದ ಮನುಷ್ಯನ ಭುಜ ಮುಟ್ಟಬಾರದು ಎಂದು ಬೆಳಿಗ್ಗೆ ಆನೆಕೆ ಹೇಳಿದ್ದು ನೆನಪಿತ್ತು. ಗೋಡೆಯ ಮೇಲೆ ಕೆಂಪು ಗುಂಡಿ ಇತ್ತು. ಅವಳು ಎರಡೇ ಹೆಜ್ಜೆಗೆ ಹೋಗಿ ಅಂಗೈಯಿಂದ ಅದನ್ನು ಗುದ್ದಿದಳು. ರೇಂಜಿನ ತುಂಬ ಕೆಂಪು ದೀಪ ಹತ್ತಿತು. ಐವತ್ತು ವರ್ಷದ ರೂಢಿ ಯಾಪ್ ಅವರದು. ಕೆಂಪು ಕಂಡದ್ದೇ ಬೆರಳು ದೂರ ಸರಿಯಿತು, ಬೋಲ್ಟ್ ತೆರೆಯಿತು, ತೋಟಾ ಮೇಜಿನ ಮೇಲೆ ಬಂತು.

"ಏನಾಯ್ತು?"

ಅವಳು ಹಾಳೆಯನ್ನು ಅವರ ಮುಂದೆ ಹಿಡಿದಳು. ಎರಡು ಅಂಕಿಗಳ ಮೇಲೆ ಬೆರಳಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ಡೆಂಪರನ್ನು ತಿರುಗಿಸಿ ತೆಗೆದು, ತೋಟಾದ ಮೂತಿಯನ್ನು ಅದರ ತೂತಿನ ಬಳಿ ತಂದರು. ಗುಂಡು ಒಳಗೆ ಹೋಗಲಿಲ್ಲ. ಅವರು ನಿಧಾನವಾಗಿ ಕುರ್ಚಿಯ ಮೇಲೆ ಕುಳಿತರು.

ಒಳಗೆ ಬಂದ ಆನೆಕೆ ವಿಷಯ ತಿಳಿದು ಬಿಳುಚಿಕೊಂಡಳು. ಗುಂಡು ಒಳಗಿನ ತಟ್ಟೆಗಳಿಗೆ ತಾಗಿದ್ದರೆ ಡೆಂಪರ್ ಒಡೆದು, ಚೂರುಗಳು ಯಾವ ಕಡೆ ಹಾರುತ್ತಿದ್ದವೋ ಹೇಳಲಾಗದು ಎಂದಳು. ಆದದ್ದು ಹೇಗೆ ಎಂದರೆ, ಹಿಂದಿನ ವರ್ಷ ಯಾಪ್ ಮೂರೂ ನಳಿಗೆಗಳ ತುದಿಗೆ ಒಂದೇ ಅಳತೆಯ ಥ್ರೆಡ್, ಎಂದರೆ ತಿರುಪಿನ ಹಲ್ಲು, ಹಾಕಿಸಿದ್ದರು. ಒಂದೇ ಡೆಂಪರ್ ಹಂಚಿಕೊಳ್ಳಲು ಅನುಕೂಲವಾಗಲಿ ಎಂದು. ಹಾಗಾಗಿ ಎಲ್ಲವೂ ಎಲ್ಲದಕ್ಕೂ ಕೂರುತ್ತಿತ್ತು.

"ಕೂತಿತಲ್ಲ, ಸರಿಯಿದೆ ಅಂದುಕೊಂಡೆ," ಎಂದರು ಯಾಪ್. "ನೀನು ಕೂಗಿದೆಯಾ?"

"ಎರಡು ಸಲ."

ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳಿಗೆ ಕೊಟ್ಟರು, ತಾವು ಕುಡಿಯಲಿಲ್ಲ.

ಅರ್ಧ ಗಂಟೆ ಬಿಟ್ಟು, ಚಂದ್ರಪ್ರಭಾಳೇ ಉಳಿದ ಅಳತೆ ಮುಗಿಸೋಣ ಎಂದಳು. ದಪ್ಪ ಡೆಂಪರನ್ನು ಮೂರೂ ರೈಫಲ್ಲಿಗೆ ಹಾಕಿ ಅಳೆದರು. ಸಂಜೆ ಮನೆಗೆ ಬಂದು ಅವಳು ಲೆಕ್ಕ ಹಾಕಿ, ಮರುದಿನ ಬೆಳಿಗ್ಗೆ ಒಂದೇ ಹಾಳೆಯಲ್ಲಿ ಬರೆದುಕೊಟ್ಟಳು. ಉದ್ದದ್ದು ಎಲ್ಲಕ್ಕಿಂತ ಚೆನ್ನಾಗಿ ಸದ್ದು ಇಳಿಸಿತ್ತು. ದಪ್ಪದ್ದು ಆರೂವರೆಯ ಮೇಲೆ ಅದಕ್ಕಿಂತ ನಾಲ್ಕು ಡೆಸಿಬಲ್ ಹಿಂದೆ, ಮುನ್ನೂರ ಎಂಟರ ಮೇಲೆ ಮೂರು ಹಿಂದೆ. ತೂಕ ನೂರೈವತ್ತು ಗ್ರಾಂ ಹೆಚ್ಚು.

"ಈಗ ನೀನೇ ಹೇಳು," ಎಂದರು ಯಾಪ್. "ಹಂದಿಯ ರೈಫಲ್ ವರ್ಷಕ್ಕೊಂದು ಸಲ ತೆಗೆಯೋದು. ಅದನ್ನ ಬಿಟ್ಟು ಉದ್ದದ್ದು ತಗೊಂಡ್ರೆ ಉಳಿದ ವರ್ಷ ಪೂರ್ತಿ ಕಿವಿಗೆ ನಾಲ್ಕು ಡೆಸಿಬಲ್ ಲಾಭ. ನೀನು ಹಾಕಿದ ಷರತ್ತು ಕಿವಿಯದೇ ತಾನೆ?"

"ಲೆಕ್ಕ ಸರಿಯಾಗಿದೆ. ಆದ್ರೆ ಮೂರನೆಯ ರೈಫಲ್ ನಿಮ್ಮ ಕಪಾಟಿನಲ್ಲೇ ಇರುತ್ತೆ. ಥ್ರೆಡ್ಡೂ ಅದೇ ಇರುತ್ತೆ. ಐದು ವರ್ಷ ಬಿಟ್ಟು, ಚಳಿಯಲ್ಲಿ, ಕತ್ತಲಾಗೋ ಹೊತ್ತಿಗೆ, ಕೈ ಮರಗಟ್ಟಿದಾಗ ನಿಮ್ಮ ಪಕ್ಕದಲ್ಲಿ ಹಾಳೆ ಹಿಡಿದು ನಿಲ್ಲೋಕೆ ನಾನು ಇರೋದಿಲ್ಲ."

ಯಾಪ್ ಹಾಳೆಯನ್ನೇ ನೋಡುತ್ತಿದ್ದರು.

"ಯಾವ ರೈಫಲ್ಲಿಗೆ ಹಾಕಿದ್ರೂ ತಪ್ಪಾಗದೇ ಇರೋದನ್ನ ತಗೊಳ್ಳಿ," ಎಂದಳು. "ಆ ನಾಲ್ಕು ಡೆಸಿಬಲ್‌ಗೆ ಕಿವಿಯ ಮುಚ್ಚಳ ಇದೆ. ಡೆಂಪರ್ ಇದ್ರೂ ಅದನ್ನ ಹಾಕಿಕೊಳ್ಳಲೇಬೇಕು. ಡೆಂಪರ್ ಹಾಕಿದ ಮೇಲೂ ಸದ್ದು ನೂರ ಮೂವತ್ತರ ಮೇಲೇ ಇರುತ್ತೆ, ಅದು ಕಿವಿಗೆ ಒಳ್ಳೆಯದಲ್ಲ."

"ದಪ್ಪದ್ದೇ ಹಾಗಿದ್ರೆ," ಎಂದರು ಯಾಪ್.

ಅರ್ಜಿಗೆ ಒಪ್ಪಿಗೆ ಬರಲು ಹೊಸ ವರ್ಷವೇ ಆಯಿತು. ಅಷ್ಟರಲ್ಲಿ ಅತ್ತೆ ಊರಿಗೆ ಹೊರಟಿದ್ದರು. ರೇಂಜಿನಲ್ಲಿ ನಡೆದದ್ದನ್ನು ಚಂದ್ರಪ್ರಭಾ ಅವರಿಗೆ ಹೇಳಿದ್ದಳು. ಅವರು ಕೇಳಿ, "ಆ ಮನಷ್ಯಾ ಉಳದ, ಚಲೋ ಆತು," ಎಂದಿದ್ದರು. ಆಮೇಲೆ ಸ್ವಲ್ಪ ತಡೆದು, "ಜಿಂಕಿದು ನೀನ ನೋಡ್ಕೋ," ಎಂದಿದ್ದರು. ಆ ಮಾತು ಚಂದ್ರಪ್ರಭಾಗೆ ಹಿಡಿಸಿತು. ಸಮಾಧಾನ ಹೇಳಲು ಹೋಗದವರು ಮನೆಯಲ್ಲಿ ಒಬ್ಬರಾದರೂ ಇದ್ದಾರೆ ಎಂದುಕೊಂಡಳು. ಬೆಳಗಿನ ಜಪದಲ್ಲಿ, ತಿಳಿದೂ ತಿಳಿಯದೆಯೂ ನೋಯಿಸಿದ ಜೀವಗಳ ಕ್ಷಮೆ ಕೇಳುವಾಗ, ಈಗ ಅವಳು ಜಿಂಕೆ ಎಂಬ ಮಾತನ್ನು ಬಿಡಿಸಿ ಹೇಳುತ್ತಾಳೆ. ಆ ಚಳಿಗಾಲ ಯಾಪ್ ಎಷ್ಟು ಹೊಡೆದರೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಯಾಪ್ ಕಿವಿಗೆ ಯಂತ್ರ ಹಾಕಿಸಿಕೊಂಡರು. ಮೊದಲ ವಾರ ತಮ್ಮ ಫ್ರಿಜ್ ಇಷ್ಟು ಗಲಾಟೆಯದೆಂದು ಗೊತ್ತಿರಲಿಲ್ಲ ಎಂದು ಬೈದುಕೊಂಡು ತಿರುಗಿದರು.

ಮಾರ್ಚಿನಲ್ಲಿ ಅವರ ಬೇಟೆಗಾರರ ಸಂಘದವರು ಚಂದ್ರಪ್ರಭಾಳನ್ನು ಒಂದು ಶನಿವಾರ ಬೆಳಿಗ್ಗೆ ಮಾತಾಡಲು ಕರೆದರು. ಎಲ್ಲರಿಗೂ ಬೇಕಾದದ್ದು ಒಂದೇ: ಯಾವ ಡೆಂಪರ್ ಕೊಳ್ಳಬೇಕು? ಅದನ್ನು ತಾನು ಹೇಳುವುದಿಲ್ಲ, ಕಿವಿಯ ಬಗ್ಗೆ ಆದರೆ ಬರುತ್ತೇನೆ ಎಂದು ಅವಳು ಉತ್ತರ ಬರೆದಳು. ವಿಜಯೇಂದ್ರನೂ ಜೊತೆಗೆ ಬಂದ. ಹಿಂದಿನ ಸಾಲಿನಲ್ಲಿ ಹಸಿರು ಜಾಕೆಟ್ಟುಗಳ ನಡುವೆ ಕೋಟು ತೊಟ್ಟು ಕೂತ.

ಗೋಡೆಯ ತುಂಬ ಕೊಂಬುಗಳಿದ್ದವು. ಅವಳು ಅವುಗಳ ಕಡೆ ನೋಡದೆ, ತನ್ನ ಡಚ್‌ನಲ್ಲಿ, ಮಗ್ಗದ ಮನೆಯಿಂದ ಶುರುಮಾಡಿದಳು. ಅಪ್ಪನ ಕಥೆ ಹೇಳಿದಳು. ಯಾಪ್ ಎದ್ದುನಿಂತು, ಯಾರೂ ಕೇಳದಿದ್ದರೂ, ರೇಂಜಿನಲ್ಲಿ ತಾವು ಮಾಡಿದ ತಪ್ಪನ್ನು ತಾವೇ ಹೇಳಿದರು. ಒಂದೇ ಥ್ರೆಡ್, ಬೇರೆ ಬೇರೆ ಗುಂಡು, ಕೇಳದ ಕಿವಿ. ಮುಂದಿನ ಸಾಲಿನ ಒಬ್ಬರು ತಮ್ಮ ಮನೆಯ ಎರಡು ರೈಫಲ್ಲುಗಳ ಥ್ರೆಡ್ಡೂ ಒಂದೇ ಎಂದು ಮೆಲ್ಲಗೆ ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ಎಲ್ಲ ಮುಗಿದು ಜನ ಸೂಪಿನ ಪಾತ್ರೆಯ ಕಡೆಗೆ ಹೋದಾಗ, ನಲವತ್ತರ ಆಸುಪಾಸಿನ ಒಬ್ಬ ಎತ್ತರದ ಮನುಷ್ಯ ಅವಳ ಬಳಿ ನಿಂತುಕೊಂಡ. ಸುತ್ತ ನೋಡಿ ದನಿ ತಗ್ಗಿಸಿದ.

"ನನ್ನ ಕಿವಿಯಲ್ಲಿ ಹನ್ನೊಂದು ವರ್ಷದಿಂದ ಸೀಟಿ ಊದಿದ ಹಾಗೆ ಕೇಳುತ್ತೆ. ನಿಲ್ಲೋದೇ ಇಲ್ಲ. ಹೆಂಡತಿಗೂ ಹೇಳಿಲ್ಲ."

"ಈಗಲೂ ಕೇಳ್ತಿದೆಯಾ?"

"ಈಗಲೂ."

ಚಂದ್ರಪ್ರಭಾ ಚೀಲದಿಂದ ಪೆನ್ನು ತೆಗೆದು, ಕಿವಿಯ ಡಾಕ್ಟರ ಹೆಸರನ್ನೂ ಫೋನ್ ನಂಬರನ್ನೂ ಬರೆದುಕೊಟ್ಟಳು. "ಸೋಮವಾರ ಬೆಳಿಗ್ಗೆ ಫೋನ್ ಮಾಡಿ. ಅದಕ್ಕೂ ಮೊದಲು ಮನೆಯಲ್ಲಿ ಹೇಳಿ," ಎಂದಳು.

ಅವನು ಚೀಟಿಯನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಹೊರಗೆ ಬಿಸಿಲು ಬಂದಿತ್ತು. ಅವಳೂ ವಿಜಯೇಂದ್ರನೂ ಸೈಕಲ್ ಬೀಗ ತೆಗೆಯುವಾಗ, ಆ ಮನುಷ್ಯ ಪಾರ್ಕಿಂಗಿನಲ್ಲಿ ತನ್ನ ಕಾರಿಗೆ ಒರಗಿ ನಿಂತು ಆಗಲೇ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ.